ನೀರು ನಿಲ್ಲಿಸಿದ ಕಾಲುದಾರಿ

ನನಗೊಂದು ಕೆಟ್ಟ ಅಭ್ಯಾಸವಿದೆ. ಯಾರದೇ ಹೊಸ ಮನೆಗೆ ಹೋದರೂ ಕುಡಿಯಲು ಕೊಟ್ಟ ನೀರಿನಲ್ಲಿ ಅರ್ಧ ಗ್ಲಾಸು ಉಳಿಸಿಕೊಳ್ಳುತ್ತೇನೆ. ಯಾರೂ ನೋಡದ ಹೊತ್ತು ಸಾಧಿಸಿ ಅದನ್ನು ಅಂಗಳದಲ್ಲೋ ಮಾಳಿಗೆಯ ಮೇಲೋ ಸುರಿದು, ನೀರು ಯಾವ ಕಡೆ ಹೋಗುತ್ತದೆ ಎಂದು ನೋಡುತ್ತ ನಿಲ್ಲುತ್ತೇನೆ. ಹೋದ ತಿಂಗಳು ಗೋಳಗುಮ್ಮಟದ ಹಿಂದಿನ ಬಡಾವಣೆಯಲ್ಲಿ ಹೆಂಡತಿಯ ಕಡೆಯವರ ವಾಸ್ತುಶಾಂತಿ. ಹೊಳೆಯುವ ಬಿಳಿ ಫರಸಿಯ ಮೇಲೆ ನೀರು ಸುರಿದು, ಮೊಣಕಾಲೂರಿ, ಕತ್ತು ಓರೆ ಮಾಡಿ ನೋಡುತ್ತಿದ್ದೆ. ಮನೆಯ ಯಜಮಾನರು ಬಂದೇಬಿಟ್ಟರು. ನನ್ನ ಹೆಂಡತಿ ಓಡಿಬಂದು, ಇವರಿಗೆ ಈಚೆಗೆ ಕೈ ನಡುಗುತ್ತವೆ ಎಂದು ಹೇಳಿ ಮಾನ ಉಳಿಸಿದಳು.

ಮಾನವೇನೋ ಉಳಿಯಿತು. ಆದರೆ ಅಂದಿನಿಂದ ಅವಳ ತವರಿನವರೆಲ್ಲ ನನ್ನ ಆರೋಗ್ಯ ವಿಚಾರಿಸತೊಡಗಿದ್ದಾರೆ. ಸಿದ್ಧೇಶ್ವರ ಗುಡಿಯ ಹತ್ತಿರ ಸಿಕ್ಕ ಅವಳ ದೊಡ್ಡಪ್ಪ ನನ್ನ ಕೈ ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ. ನಾಟಿ ಔಷಧ ಕೊಡುವವರ ವಿಳಾಸ ಎರಡು ಸಲ ಬರೆಸಿದರು. ನಾನೂ ಸುಮ್ಮನೆ ಬರೆದುಕೊಂಡೆ. ನಿಜ ಹೇಳಹೋದರೆ ತಿಕೋಟಾದಿಂದ ಶುರು ಮಾಡಬೇಕು, ಅಷ್ಟು ವ್ಯವಧಾನ ಬಜಾರದಲ್ಲಿ ನಿಂತವರಿಗೆ ಎಲ್ಲಿರುತ್ತದೆ? ನಿಮಗಾದರೆ ಇದೆ ಎಂದುಕೊಂಡು ಹೇಳುತ್ತೇನೆ.

ತಿಕೋಟಾ ನನ್ನವ್ವನ ತವರು. ಸಾಲೆಗೆ ಸೂಟಿ ಬಿಟ್ಟ ಮರುದಿನವೇ ನನ್ನನ್ನು ಅಲ್ಲಿಗೆ ಅಟ್ಟುತ್ತಿದ್ದರು. ಸಂಗಪ್ಪ ಮಾಮಾ, ನೀಲವ್ವ ಅತ್ತಿ, ಅವರ ಮಕ್ಕಳು, ಬೇರೆ ಬೇರೆ ಊರಿಂದ ಬಂದ ನನ್ನಂಥವರು, ಎಲ್ಲ ಸೇರಿ ಹತ್ತು ಹನ್ನೆರಡು ಮಂದಿ. ಆ ಮನೆಯಲ್ಲಿ ತಿನ್ನಲು ಯಾವ ನಿರ್ಬಂಧವೂ ಇರಲಿಲ್ಲ. ನೀರಿಗೆ ಮಾತ್ರ ಕಾಯಿದೆಗಳಿದ್ದವು. ಜಳಕದ ನೀರು ನುಗ್ಗಿಗಿಡಕ್ಕೆ, ಅಕ್ಕಿ ತೊಳೆದದ್ದು ಎಮ್ಮೆಗೆ. ಉಂಡ ಕೈ ತೊಳೆಯಲು ಒಬ್ಬೊಬ್ಬರಿಗೆ ಒಂದೊಂದು ಗಿಡ ಹಂಚಿಕೆಯಾಗಿತ್ತು. ಅವರವರ ಗಿಡದ ಬುಡದಲ್ಲಿಯೇ ಅವರವರು ಕೈ ತೊಳೆಯಬೇಕು. ನನ್ನ ಪಾಲಿಗೆ ಬಂದದ್ದು ಒಂದು ಲಿಂಬೆ ಸಸಿ.

ಆ ಸೂಟಿ ಮುಗಿಯುವ ಹೊತ್ತಿಗೆ ಎಲ್ಲರ ಗಿಡಗಳೂ ಚಿಗುರಿದ್ದವು. ನನ್ನ ಲಿಂಬೆ ಮಾತ್ರ ಒಣಗಿ ಕಡ್ಡಿಯಾಗಿತ್ತು. ಅತ್ತಿ ಗಿಡ ನೋಡಿದಳು, ನಾನು ತೊಟ್ಟ ಚಣ್ಣ ನೋಡಿದಳು, ಚಣ್ಣದ ಎರಡೂ ಬದಿಗೆ ಮೂರು ವಾರದ ಪಲ್ಯದ ಬಣ್ಣ ನೋಡಿದಳು. ಬೈಯಲಿಲ್ಲ. ಮರುವರ್ಷ ನನಗೆ ಪಾಪಾಸುಕಳ್ಳಿ ಕೊಟ್ಟಳು.

ಮಾಮಾನ ಕಸುಬು ಒಡ್ಡು ಹಾಕುವುದು. ಮಡ್ಡಿ ಹೊಲ ಎಂದರೆ ಗೇಣು ಮಣ್ಣು, ಕೆಳಗೆಲ್ಲ ಕಲ್ಲು. ಮಳೆ ಬಂದರೆ ನೀರು ಮಣ್ಣನ್ನೂ ಕರೆದುಕೊಂಡು ಹೊರಟುಬಿಡುತ್ತದೆ. ಅದಕ್ಕೆ ಇಳಿಜಾರಿಗೆ ಅಡ್ಡಲಾಗಿ ಕಲ್ಲಿನ ಸಾಲು ಕಟ್ಟುತ್ತಾರೆ. ಗಾರೆ ಇಲ್ಲ, ಸಿಮೆಂಟಿಲ್ಲ, ಕಲ್ಲಿಗೆ ಕಲ್ಲು ಹೊಂದಿಸಿ ಕೂಡಿಸುವುದು. ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತ ನೀರನ್ನು ಇಂಗಿಸಬೇಕು ಎಂದು ನಮ್ಮ ಕಡೆ ಎಲ್ಲರೂ ಹೇಳುವ ಮಾತು. ಮಾಮಾ ಅದನ್ನು ಹೇಳುತ್ತಿರಲಿಲ್ಲ, ಮಾಡುತ್ತಿದ್ದ. ಅತ್ತಿ ಬುಟ್ಟಿಯಲ್ಲಿ ಕಲ್ಲು ಹೊತ್ತು ತರುತ್ತಿದ್ದಳು. ಸಂಜೆಗೆ ಮಾಮಾ ಆ ದಿನದ ಕೆಲಸದ ಮೇಲೆ ಒಂದು ತಂಬಿಗೆ ನೀರು ಹೊಯ್ಯುತ್ತಿದ್ದ. ಒಡ್ಡಿನ ಒಳಬದಿಗೆ ನೀರು ನಿಂತರೆ ಕೆಲಸ ಸರಿ. ಹೊರಗೆ ಹರಿದರೆ ಬಿಚ್ಚಿ ಮತ್ತೆ ಕಟ್ಟುವುದು. ಇಳಿಜಾರು ಅಳೆಯುವ ರಸಮಟ್ಟ ಅವನ ಹತ್ತಿರ ಇರಲಿಲ್ಲ. ನೀರು ಸುಳ್ಳು ಹೇಳುವುದಿಲ್ಲ ಎನ್ನುತ್ತಿದ್ದ.

ಮುಂದೆ ಕಾಲುವೆ ನೀರು ಬಂತು, ದ್ರಾಕ್ಷಿ ಬಂತು, ಜೆಸಿಬಿ ಬಂತು. ಮಾಮಾ ವಾರಗಟ್ಟಲೆ ಕೂತು ಕಟ್ಟಿದ ಒಡ್ಡನ್ನು ಅದು ಚಹಾ ಕುಡಿಯುವಷ್ಟರಲ್ಲಿ ಗೋರಿ ಹೊಲ ಸಪಾಟು ಮಾಡಿತು. ಹೊಲದವರದೇನೂ ತಪ್ಪಿಲ್ಲ, ದ್ರಾಕ್ಷಿ ಸಾಲಿಗೆ ಸಪಾಟು ನೆಲವೇ ಬೇಕು. ಮಾಮಾ ಕೂಡ ಹಾಗೆಯೇ ಹೇಳುತ್ತಿದ್ದ. ಆದರೆ ಆ ಹೊಲಗಳ ಮಗ್ಗುಲ ದಾರಿ ಬಿಟ್ಟು ಸುತ್ತುಹಾಕಿ ಮನೆಗೆ ಬರುತ್ತಿದ್ದ.

ನಾನು ಡಿಪ್ಲೊಮಾ ಮಾಡಿ ಸೊಲ್ಲಾಪುರ ರಸ್ತೆಯ ಒಬ್ಬ ಗುತ್ತಿಗೆದಾರರ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. ಮೂರ್ನಾಲ್ಕು ವರ್ಷದ ಹಿಂದೆ ಅವರಿಗೆ ಘಟ್ಟದ ಕಡೆಯ ಒಂದು ರಾಷ್ಟ್ರೀಯ ಉದ್ಯಾನದಲ್ಲಿ ಕಾಲುದಾರಿ ಮಾಡುವ ಕೆಲಸ ಸಿಕ್ಕಿತು. ಕಡಿದಾದ ಗುಡ್ಡ. ಚಾರಣಕ್ಕೆ ಬರುವವರು ತುದಿಯವರೆಗೆ ಹತ್ತಲು ಮೆಟ್ಟಿಲಿನ ದಾರಿ ಬೇಕು. ಬೆಟ್ಟ ಹತ್ತಿದ ಅನುಭವ ಉಂಟೇ ಎಂದು ಮಾಲೀಕರು ನನ್ನನ್ನು ಕೇಳಿದರು. ಬೇಕಾದಷ್ಟಿದೆ ಎಂದೆ. ನಾನು ಹತ್ತಿದ್ದು ನಮ್ಮೂರಿನ ಗೋಳಗುಮ್ಮಟ ಮತ್ತು ಉಪ್ಪಲಿ ಬುರುಜು. ಗೋಳಗುಮ್ಮಟದಲ್ಲಿ ಪ್ರತಿ ಅಂತಸ್ತಿಗೆ ನಿಂತು, ಕಿಟಕಿಯಲ್ಲಿ ಊರು ನೋಡುವ ನೆಪದಲ್ಲಿ ಉಸಿರು ತೆಗೆದುಕೊಳ್ಳುವವನು ನಾನು.

ಕಾಡಿನವರ ಕರಾರು ಬಿಗಿಯಾಗಿತ್ತು. ಸಿಮೆಂಟು ಬಳಸುವಂತಿಲ್ಲ, ಯಂತ್ರ ಒಯ್ಯುವಂತಿಲ್ಲ, ಗುಡ್ಡದಲ್ಲಿ ಬಿದ್ದ ಕಲ್ಲನ್ನೇ ಕೈಯಿಂದ ಕೂಡಿಸಬೇಕು. ಸಿಮೆಂಟಿನಲ್ಲೇ ಕಟ್ಟಿ ಗೊತ್ತಿದ್ದ ನಮ್ಮ ಗೌಂಡಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಗ ನನಗೆ ಮಾಮಾ ನೆನಪಾದ. ಮಾಮಾನ ಜೊತೆಗೆ ಬಬಲೇಶ್ವರದ ಲಾಲಸಾಬ ಕಾಕಾನೂ ನೆನಪಾದ. ಇಬ್ಬರೂ ಹಳೆಯ ಜೋಡಿ, ಕಾಕಾ ಕಲ್ಲು ಒಡೆದು ಕೊಡುವವ, ಮಾಮಾ ಕೂಡಿಸುವವ. ರೊಟ್ಟಿ ಎಲ್ಲಿ ಹರಿದೀತು ಎಂದು ಉಣ್ಣುವವನಿಗೆ ಗೊತ್ತಿರುವಂತೆ ಕಲ್ಲು ಎಲ್ಲಿ ಒಡೆದೀತು ಎಂದು ಕಾಕಾನಿಗೆ ಗೊತ್ತು.

ತಿಕೋಟಾಕ್ಕೆ ಹೋಗಿ ವಿಷಯ ಹೇಳಿದೆ. ಮಾಮಾ ಗುಡ್ಡ ಎಷ್ಟೆತ್ತರ, ಊಟಕ್ಕೇನು, ಯಾವುದನ್ನೂ ಕೇಳಲಿಲ್ಲ. ಒಂದೇ ಮಾತು ಕೇಳಿದ.

"ಅಲ್ಲಿ ಮಳಿ ಆಗತೈತೇನೋ?"

ಬೇಕಾದಷ್ಟು ಆಗುತ್ತದೆ ಎಂದೆ. ಅವನ ಮುಖ ಅರಳಿತು. ನನ್ನಲ್ಲಿ ಡಿಪ್ಲೊಮಾದ ಬದಲು ಕಾಸಷ್ಟು ಬುದ್ಧಿ ಇದ್ದಿದ್ದರೆ ಮುಂದಾಗುವುದು ಅಲ್ಲಿಯೇ ಹೊಳೆಯಬೇಕಿತ್ತು.

ಮಳೆಗಾಲ ಕಳೆದ ಮೇಲೆ ಕೆಲಸ ಹಿಡಿದು ಬೇಸಿಗೆಯ ಕೊನೆಗೆ ಮುಗಿಸಿದೆವು. ಮೊದಲ ದಿನ ಮಾಮಾ ಗುಡ್ಡದ ಬುಡದಲ್ಲಿ ನಿಂತು, ಇದನ್ನು ಹತ್ತಿ ಮಂದಿ ಏನು ಮಾಡುತ್ತಾರೆ ಎಂದು ಕೇಳಿದ. ಕೆಳಗೆ ನೋಡುತ್ತಾರೆ ಎಂದೆ. ಕೆಳಗಿದ್ದಾಗ ನೋಡಿರಲಿಲ್ಲವೇ ಎಂದ. ಊರಿಂದ ಒಯ್ದ ಒಣಗಿಸಿದ ಕಟಿರೊಟ್ಟಿ ಎರಡೇ ದಿನಕ್ಕೆ ಆ ಹಸಿ ಗಾಳಿಗೆ ಮೆತ್ತಗಾಗಿ ಬಟ್ಟೆಯ ಹಾಗೆ ಜೋತುಬಿತ್ತು. ಲಾಲಸಾಬ ಕಾಕಾ ಅದನ್ನು ಕಂಡು, ಸತ್ತವರ ಮನೆಗೆ ಬಂದವನ ದನಿಯಲ್ಲಿ ಮಾತಾಡಿದ. ಮರುದಿನದಿಂದ ಬೆಳಿಗ್ಗೆ ಎದ್ದವನೇ ಅಷ್ಟೂ ರೊಟ್ಟಿಯನ್ನು ಕೆಂಡದ ಮೇಲೆ ಸುಟ್ಟು ಗರಿಗರಿ ಮಾಡಿಕೊಡುತ್ತಿದ್ದ.

ಆ ದಾರಿ ಮೇಲೇಳುವುದನ್ನು ನೋಡಬೇಕಿತ್ತು ನೀವು. ಮುನ್ನೂರಕ್ಕೂ ಮಿಕ್ಕಿದ ಮೆಟ್ಟಿಲು, ಒಂದಕ್ಕೂ ಒಂದು ಚಿಟಿಕೆ ಸಿಮೆಂಟಿಲ್ಲ. ಅಧಿಕಾರಿಗಳು ಪರೀಕ್ಷೆಗೆಂದು ತಮ್ಮಲ್ಲಿಯೇ ಎಲ್ಲರಿಗಿಂತ ದಪ್ಪಗಿದ್ದ ಒಬ್ಬ ಗಾರ್ಡನನ್ನು ಕರೆತಂದು ಮೆಟ್ಟಿಲ ಮೇಲೆ ಜಿಗಿಸಿದರು. ಕಲ್ಲು ಮಿಸುಕಲಿಲ್ಲ. ಪ್ರತಿದಿನ ಸಂಜೆ ಮಾಮಾ ತಂಬಿಗೆಯಿಂದ ನೀರು ಹೊಯ್ಯುತ್ತಿದ್ದ. ಪ್ರತಿ ಮೆಟ್ಟಿಲೂ ಒಳಗೆ ಗುಡ್ಡದ ಕಡೆ ಒಂದು ಬೆರಳು ತಗ್ಗು, ಹೊರ ಅಂಚು ಒಂದು ಬೆರಳು ಎತ್ತರ. ಹೆಚ್ಚಾದ ನೀರು ಹೋಗಲು ಒಂದು ಬದಿಗೆ ಮೂರು ಬೆರಳಗಲದ ಕೋಡಿ. ನೀರು ಅಲುಗಾಡದೆ ನಿಲ್ಲುತ್ತಿತ್ತು. ನಾನು ಪಕ್ಕದಲ್ಲಿ ನಿಂತು ತಲೆದೂಗಿ, ರಿಜಿಸ್ಟರಿನಲ್ಲಿ ಕೆಲಸ ತೃಪ್ತಿಕರ ಎಂದು ಬರೆದು ರುಜು ಹಾಕುತ್ತಿದ್ದೆ. ಬೇಸಿಗೆಯ ಒಣ ಕಲ್ಲಿನ ಮೇಲೆ ಒಂದು ಬೆರಳಿನ ಇಳಿಜಾರು ಅಧಿಕಾರಿಗಳಿಗೂ ಕಾಣಲಿಲ್ಲ. ಕಂಡ ನನಗೆ ಅದು ತಪ್ಪೆಂದು ಹೊಳೆಯಲಿಲ್ಲ. ನಾನೂ ಅದೇ ಲಿಂಬೆ ಸಸಿಯ ಮನೆಯಲ್ಲಿ ಬೆಳೆದವನಲ್ಲವೇ?

ಊರಿಗೆ ಮರಳಿ ತಿಂಗಳಾಗಿರಬೇಕು. ಅರಣ್ಯಾಧಿಕಾರಿಗಳ ಫೋನು ಬಂತು, ಒಮ್ಮೆ ಬಂದು ಹೋಗಿ ಎಂದು. ಹೋದೆ. ಮಳೆ ಎಂದರೆ ಏನೆಂದು ನನಗೆ ಅಂದೇ ಗೊತ್ತಾದದ್ದು. ಕೊಡೆ ಬಿಚ್ಚಿದರೂ ಒಂದೇ, ಬಿಚ್ಚದಿದ್ದರೂ ಒಂದೇ. ಮೆಟ್ಟಿಲು ಮೆಟ್ಟಿಲಿಗೂ ಕಾಲ್ಬೆರಳು ಮುಳುಗುವಷ್ಟು ನೀರು ನಿಂತಿತ್ತು. ಕೆಲವುಗಳಲ್ಲಿ ಕಪ್ಪೆಮರಿಗಳು ಆಡುತ್ತಿದ್ದವು. ಮೂರನೆಯ ತಿರುವಿನಲ್ಲಿ ನೀರು ಹಿಂದಿನ ಮಣ್ಣಿಗೆ ಇಳಿದು ಏಳೆಂಟು ಮೆಟ್ಟಿಲು ಕುಸಿದಿದ್ದವು. ಜಾರಿ ಬೀಳುತ್ತಾರೆಂದು ದಾರಿಯನ್ನು ಮುಚ್ಚಿದ್ದರು. ಅಧಿಕಾರಿಗಳು ಆ ಸೀಮೆಯವರೇ, ಒಳ್ಳೆಯ ಮನುಷ್ಯ.

"ದಾರಿ ಮಾಡಿ ಅಂದ್ರೆ ಮುನ್ನೂರು ಕೆರೆ ಕಟ್ಟಿಟ್ಟಿದ್ದೀರಲ್ಲ ಮಾರಾಯ್ರೆ" ಎಂದರು. "ಇಲ್ಲಿ ನೀರು ಎಷ್ಟು ಬೇಗ ಹೋಗ್ತದೋ ಅಷ್ಟು ಒಳ್ಳೇದು."

ನಾಚಿಕೆಯಿಂದ ತಲೆ ತಗ್ಗಿಸಿದೆ. ಆದರೆ ನಿಮ್ಮ ಹತ್ತಿರ ಮುಚ್ಚುಮರೆ ಏಕೆ? ಆ ನೀರು ಕಂಡಕೂಡಲೇ ನನಗಾದದ್ದು ಖುಷಿ. ಎಷ್ಟು ಚಂದ ನಿಂತಿದೆ ಎನ್ನಿಸಿತ್ತು. ನಾಚಿಕೆ ಅದರ ಹಿಂದಿನಿಂದ ಬಂತು.

ಮಳೆ ನಿಂತ ಮೇಲೆ ಅಲ್ಲಿಯದೇ ಆಳುಗಳನ್ನು ಹಿಡಿದು ಮೆಟ್ಟಿಲುಗಳನ್ನೆಲ್ಲ ಎಬ್ಬಿಸಿ, ಇಳಿಜಾರನ್ನು ಹೊರಕ್ಕೆ ತಿರುಗಿಸಿ ಕೂಡಿಸಿದೆವು. ನಾನೇ ನಿಂತು ಮಾಡಿಸಿದೆ. ಮಾಮಾನಿಗೆ ಹೇಳಲಿಲ್ಲ.

ಹೇಗೆ ಹೇಳಲಿ? ಘಟ್ಟದಿಂದ ಬಂದ ಮೇಲೆ ಮಾಮಾ ಬೇರೆ ಮನುಷ್ಯನಾಗಿದ್ದ. ಸುತ್ತುಹಾಕುವುದು ಬಿಟ್ಟು ನೆಟ್ಟಗಿನ ದಾರಿಯಲ್ಲಿ ಮನೆಗೆ ಬರುತ್ತಿದ್ದ. ಕಟ್ಟೆಯ ಮೇಲೆ ಕುಂತವರಿಗೆಲ್ಲ ದಾರಿಯ ವರ್ಣನೆ. ನಾನು ಹೋದಾಗಲೆಲ್ಲ ಚಹಾ ಬರುವ ಮೊದಲೇ ಕೇಳುತ್ತಿದ್ದ, ನೀರು ನಿಲ್ಲುತ್ತದೆಯೇ ಎಂದು. ನಿಲ್ಲುತ್ತದೆ ಮಾಮಾ ಎನ್ನುತ್ತಿದ್ದೆ. ಸುಳ್ಳನ್ನು ಸಾಕುವುದು ಎಮ್ಮೆ ಸಾಕಿದಂತೆ, ಒಂದು ದಿನವೂ ಬಿಡುವಿಲ್ಲ. ದಿನವೂ ಮೇವು ಹಾಕಬೇಕು. ಎರಡು ವರ್ಷ ಹಾಕಿದೆ.

ಹೋದ ಶ್ರಾವಣದ ಮೊದಲಿಗೆ ಅತ್ತಿ ನನ್ನನ್ನು ಅಡುಗೆಮನೆಗೆ ಕರೆದಳು. ಅವಳಿಗೆ ಆ ದಾರಿ ನೋಡಬೇಕಂತೆ. ಅದೂ ಮಳೆಯಲ್ಲಿಯೇ, ನೀರು ನಿಂತದ್ದನ್ನೇ. ಗುಡ್ಡ ಕಡಿದು, ನಿನ್ನ ಮೊಣಕಾಲು ಬೇರೆ ನೋಯುತ್ತವೆ, ಥಂಡಿ, ಮೇಲಾಗಿ ಜಿಗಣೆ ಕಾಲಿಗೆ ಹತ್ತಿ ರಕ್ತ ಹೀರುತ್ತವೆ ಎಂದೆಲ್ಲ ಹೆದರಿಸಿದೆ. ಐವತ್ತು ವರ್ಷ ನಿಮ್ಮ ಮಾಮಾನ ಜೊತೆ ಬಾಳೇವು ಮಾಡಿದ್ದೇನೆ, ನನ್ನಲ್ಲಿ ಜಿಗಣೆಗೆ ಏನು ಉಳಿದಿರುತ್ತದೆ ಎಂದಳು. ಆಮೇಲೆ ನಗು ಬಿಟ್ಟು, ಒಲೆಯ ಕಡೆ ತಿರುಗಿಕೊಂಡು ಹೇಳಿದಳು.

"ನಾ ಹೊತ್ತ ಕಲ್ಲು ಒಂದೂ ಉಳಿದಿಲ್ಲ ತಮ್ಮಾ, ಎಲ್ಲಾ ಜೆಸಿಬಿ ತಿಂತು. ಅವರು ಕಟ್ಟಿದ್ದು ಒಂದಾದರ ನಿಂತದ್ದು ನೋಡಿ ಸಾಯಬೇಕು ನಾ."

ಕರೆದುಕೊಂಡು ಹೋಗುತ್ತೇನೆ ಎಂದೆ. ಲಾಲಸಾಬ ಕಾಕಾನನ್ನೂ ಕರೆದೆವು. ಮುಗಿಸಿದ ಕೆಲಸವನ್ನು ಹಿಂತಿರುಗಿ ನೋಡುವ ಚಟ ತನಗಿಲ್ಲ, ನೀವು ಹೋಗಿ ಬನ್ನಿ ಎಂದ. ಮೂವರೇ ಹೊರಟೆವು. ದಾರಿಯುದ್ದಕ್ಕೂ ನಿಜ ಹೇಳಲು ಮನಸ್ಸು ಮಾಡುತ್ತಿದ್ದೆ. ಪ್ರತಿ ಬಸ್‌ಸ್ಟ್ಯಾಂಡಿನಲ್ಲಿ, ಈಗ ಹೇಳುತ್ತೇನೆ ಎಂದು ಬಾಯಿ ತೆರೆದು ಭಜಿ ತಿಂದೆ. ಅಷ್ಟು ಭಜಿ ನಾನು ಜನ್ಮದಲ್ಲಿ ತಿಂದಿಲ್ಲ.

ಗುಡ್ಡದ ಬುಡ ಮುಟ್ಟಿದಾಗ ಬೆಳಗಿನ ಹತ್ತು ಗಂಟೆ. ಸಣ್ಣಗೆ ಮಳೆ ಹಿಡಿದಿತ್ತು. ಅಧಿಕಾರಿಗಳು ಮಾಮಾನನ್ನು ನೋಡಿ ಕೈಮುಗಿದರು, ಒಬ್ಬ ಗಾರ್ಡನನ್ನು ಜೊತೆಗೆ ಕಳಿಸಿದರು. ಅತ್ತಿ ಪ್ಲಾಸ್ಟಿಕ್ ಕೊಪ್ಪೆ ಹೊದ್ದು ಕೋಲು ಹಿಡಿದಿದ್ದಳು. ಮಾಮಾ ಮುಂದೆ, ಮದುವೆಮನೆಯ ಹಿರಿಯನಂತೆ ನಡೆದಿದ್ದ. ಮೊದಲ ಮೆಟ್ಟಿಲಿಗೆ ಬಂದು ನಿಂತುಬಿಟ್ಟ.

ನೀರು ನಿಂತಿರಲಿಲ್ಲ. ಮೆಟ್ಟಿಲಿಂದ ಮೆಟ್ಟಿಲಿಗೆ ಬಂದು, ಹೊರ ಅಂಚು ದಾಟಿ, ಕಂದರದ ಕಡೆ ಇಳಿದುಹೋಗುತ್ತಿತ್ತು. ಮಾಮಾ ಕುಕ್ಕರಗಾಲಲ್ಲಿ ಕೂತು ಕಲ್ಲಿನ ಮೇಲೆ ಅಂಗೈ ಇಟ್ಟ. ಎರಡನೆಯ ಮೆಟ್ಟಿಲಿಗೆ ಇಟ್ಟ. ಮೂರನೆಯದಕ್ಕೆ ಇಟ್ಟ.

"ಕಲ್ಲು ತಿರಿವ್ಯಾರ" ಎಂದ. ಆಮೇಲೆ ನನ್ನ ಮುಖ ನೋಡಿದ.

ಎಲ್ಲ ಹೇಳಿದೆ. ಫೋನು ಬಂದದ್ದು, ನಿಂತ ನೀರು, ಕುಸಿದ ತಿರುವು, ಎಬ್ಬಿಸಿದ ಮೆಟ್ಟಿಲು. ತಪ್ಪು ನನ್ನದೂ ಹೌದು, ರುಜು ಹಾಕಿದವನು ನಾನೇ ಎಂದೆ. ನಿನಗೆ ನೋವಾಗಬಾರದೆಂದು ಹೇಳಲಿಲ್ಲ ಎಂದೆ. ಮಾಮಾ ಕಲ್ಲಿನಿಂದ ಅಂಗೈ ತೆಗೆದ.

"ಮುನ್ನೂರು ಮೆಟ್ಟಿಲಾ ಮಂದಿ ಕೈಲೆ ತಿರಿವ್ಸಿದಿ" ಎಂದ, ಸಿಟ್ಟಿಲ್ಲದೆ. "ನನಗ ಹೇಳಿದ್ರ ನಾನ ಬಂದು ತಿರಿವ್ತಿದ್ನಲ್ಲೋ. ನಾ ಕಟ್ಟಿದ್ದು ನಾ ಬಿಚ್ಚಿಲ್ಲೇನು ಯಾವತ್ತೂ?"

ತಪ್ಪಾಗಿ ಕಟ್ಟಿದ್ದು ಅವನಿಗೆ ದೊಡ್ಡದಾಗಿರಲೇ ಇಲ್ಲ. ತಂಬಿಗೆ ನೀರು ಹೊಯ್ದು, ತಪ್ಪಿದ್ದರೆ ಬಿಚ್ಚಿ ಕಟ್ಟಿದ ಮನುಷ್ಯ ಅವನು, ಒಂದಲ್ಲ ಸಾವಿರ ಸಲ. ಅವನ ಮಾನ ಕಾಯಲು ಹೋಗಿ ನಾನು ಅವನ ಕೆಲಸವನ್ನೇ ಅವನ ಕೈಯಿಂದ ಕಸಿದುಕೊಂಡಿದ್ದೆ. ಇದು ತಿಳಿಯಲು ನನಗೆ ಐವತ್ತು ವರ್ಷ ಬೇಕಾಯಿತು.

ಅಷ್ಟರಲ್ಲಿ ಅತ್ತಿ ನಾಲ್ಕನೆಯ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಬಿಟ್ಟು, ಹರಿಯುವ ನೀರಿನಲ್ಲಿ ಕಾಲು ಇಟ್ಟುಕೊಂಡಿದ್ದಳು. ಅವಳಿಗೆ ಕಾಣಬೇಕಾಗಿದ್ದ ನೀರು ಅಲ್ಲಿರಲಿಲ್ಲ. ನಾನು ಅವಳ ಮುಖ ನೋಡಲು ಅಂಜಿದೆ.

"ಹುಟ್ಟಿದಾಗಿಂದ ನೀರು ಹಿಡಿಯೂದ ಆತು" ಎಂದಳು, ಗಂಡನ ಕಡೆ ನೋಡಿ. "ಒಂದೀಟು ಹೋಗಲಿ ಬಿಡ್ರಿ. ಹೋಗೂದೂ ಚಂದ ಐತಿ."

ಮಾಮಾ ಅವಳ ಕಾಲ ಮೇಲಿಂದ ಇಳಿಯುವ ನೀರನ್ನು ನೋಡಿದ. ತಾನೂ ಪಕ್ಕದಲ್ಲಿ ಕೂತ. ಆಮೇಲೆ ಎದ್ದು, ಒಂದೊಂದೇ ಮೆಟ್ಟಿಲನ್ನು ಕಾಲಿಂದ ಒತ್ತಿ ನೋಡುತ್ತ ಹತ್ತತೊಡಗಿದ. ಹತ್ತನೆಯದೋ ಹನ್ನೊಂದನೆಯದೋ ಒಂದು ಕಲ್ಲು ಲಟಕ್ ಎಂದಿತು. ಮಾಮಾ ಗಾರ್ಡನ ಕಡೆ ತಿರುಗಿ ಹಾರೆ ಇದೆಯೇ ಎಂದು ಕೇಳಿದ.

ಹಾರೆ ಬಂತು. ಮಾಮಾ ಕಲ್ಲನ್ನು ಎಬ್ಬಿಸಿ ಕೆಳಗಿನ ಮಣ್ಣು ಕೆರೆದ. ಹಿಂದಿರುಗಿ ನೋಡದೆ ಒಂದು ಕೈ ಚಾಚಿದ. ಅತ್ತಿ ಎದ್ದುಬಂದು ಆ ಕೈಯಲ್ಲಿ ಒಂದು ಚಕ್ಕೆಗಲ್ಲು ಇಟ್ಟಳು. ಅದು ಸಂದಿಗೆ ಸರಿಯಾಗಿ ಕೂತಿತು. ಇನ್ನೊಂದು ಕೇಳಲಿಲ್ಲ, ಅವಳೇ ಕೊಟ್ಟಳು. ಕಲ್ಲು ಕೂಡಿಸುವಾಗ ಮಾಮಾನ ಕೈ ರೂಢಿಯಂತೆ ಒಳಗಿನ ಕಡೆಗೇ ವಾಲಿತು. ನಿಲ್ಲಿಸಿದ, ನೀರು ಹೋಗುವ ದಿಕ್ಕು ಮತ್ತೊಮ್ಮೆ ನೋಡಿದ, ಹೊರಗಡೆಗೆ ಒಂದು ಬೆರಳು ಇಳಿಸಿದ. ಮಳೆಯ ನೀರು ಬಂದು, ಕಲ್ಲಿನ ಮೇಲೆ ಸ್ವಲ್ಪವೂ ತಡೆಯದೆ ಹೊರಟುಹೋಯಿತು.

ಮಾಮಾ ಸೊಂಟದ ಮೇಲೆ ಕೈಯಿಟ್ಟು ಗುಡ್ಡದ ಮೇಲಕ್ಕೆ ನೋಡಿದ. ದಾರಿ ತಿರುವಿಗೆ ತಿರುವು ಏರಿ ಮಂಜಿನಲ್ಲಿ ಹೋಗಿತ್ತು. ಹೀಗೆ ಅಲುಗಾಡುವವು ಇನ್ನೂ ಇರಬೇಕು, ತಿರುವಿದವರಿಗೆ ಕಲ್ಲಿನ ಅಡಿ ತುಂಬುವುದು ಗೊತ್ತಿಲ್ಲ ಎಂದು ಗೊಣಗಿದ. ಆಮೇಲೆ ನನಗೆ ಹೇಳಿದ.

"ನಾಕ ದಿನದ ಕೆಲಸ ಐತಿ. ಸಾಹೇಬ್ರನ್ನ ಕೇಳಿ ನಮಗ ಇರಾಕ ಜಾಗಾ ನೋಡು. ಲಾಲಸಾಬಗ ಫೋನ್ ಹಚ್ಚು. ಏನಾಗೈತಿ ಅಂತ ಖರೇನ ಹೇಳು ಮತ್ತ."

ಫೋನಿಗೆ ಸಿಗ್ನಲ್ ಸಿಗುವುದು ಕೆಳಗೆ ಗೇಟಿನ ಹತ್ತಿರ ಮಾತ್ರ. ಇಳಿದು ಹೋಗಿ, ಬಬಲೇಶ್ವರಕ್ಕೆ ಹಚ್ಚಿ, ಒಂದೂ ಬಿಡದೆ ಎಲ್ಲ ಹೇಳಿದೆ. ನೀರು ನಿಲ್ಲುವಂತೆ ಕಟ್ಟಿದ್ದು ತಪ್ಪಾಯಿತು ಎಂದೆ, ನಾನೇ ಮಂದಿ ಹಿಡಿದು ತಿರುಗಿಸಿದೆ ಎಂದೆ, ಎರಡು ವರ್ಷ ಸುಳ್ಳು ಹೇಳಿದೆ ಎಂದೆ. ಆ ಕಡೆ ಸದ್ದಿಲ್ಲ. ಕಟ್ಟಾಯಿತೇನೋ ಎಂದು ಎರಡು ಸಲ ಕಾಕಾ ಕಾಕಾ ಎಂದು ಕೂಗಿದೆ.

"ಕೇಳಾಕತ್ತೇನಿ" ಎಂದ ಲಾಲಸಾಬ ಕಾಕಾ. "ಬಿಜಾಪುರದಿಂದ ಅಲ್ಲಿಗೆ ಬಸ್ ಎಷ್ಟ ಗಂಟೆಕ್ಕ ಐತಿ?"